ಹಂಪಿಯ ಸರಳೆ, ವಿಯೆನ್ನಾದ ಫ್ಯೂಗ್



ಹಾಡುವುದನ್ನು ಕಲಿಸಬಹುದು. ಆದರೆ ಹಾಡು ಕಟ್ಟುವುದನ್ನು ಕಲಿಸಬಹುದೇ? ಅದು ಹುಟ್ಟಿನಿಂದ ಬರಬೇಕಾದ ವರ, ಕಲಿತು ಬರುವುದಲ್ಲ ಎಂದು ಹೇಳುವವರು ಬಹಳ ಮಂದಿ. ಇತಿಹಾಸ ಹೇಳುವುದು ಬೇರೆ. ಬೇರೆ ಬೇರೆ ಕಾಲದಲ್ಲಿ, ಒಂದಕ್ಕೊಂದು ಪರಿಚಯವೇ ಇಲ್ಲದ ಎರಡು ನಗರಗಳು ಈ ಪ್ರಶ್ನೆಗೆ ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟವು. ಒಂದು ತುಂಗಭದ್ರೆಯ ದಡದ ವಿಜಯನಗರ, ಮತ್ತೊಂದು ಡಾನ್ಯೂಬ್ ದಡದ ವಿಯೆನ್ನಾ. ಎರಡೂ ಹೇಳಿದ್ದು ಒಂದೇ ಮಾತು: ಮೆಟ್ಟಿಲು ಕಟ್ಟಿಕೊಟ್ಟರೆ ಹತ್ತಬಹುದು.

ಮುದ್ರಿತ ಪುಟಕ್ಕೆ ದನಿಯಿಲ್ಲ. ಪರದೆಯ ಮೇಲೆ ಕೇಳಿಸಬಹುದಾದುದನ್ನು ಇಲ್ಲಿ ನೀವೇ ಹಾಡಿಕೊಂಡು ಓದಬೇಕು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಓದುಗರಿಗೆ ಒಂದು ಅನುಕೂಲ ಹೆಚ್ಚಿಗೆ ಇದೆ. ಈ ಕಥೆಯ ಅರ್ಧ ಭಾಗ ನಡೆದ ಸ್ಥಳಕ್ಕೆ ನೀವು ಬಸ್ಸಿನಲ್ಲೇ ಹೋಗಿ ಬರಬಹುದು.

ಫ್ಯೂಗ್ ಎಂದರೇನು?

'ಫ್ಯೂಗ' ಎಂಬ ಲ್ಯಾಟಿನ್ ಪದಕ್ಕೆ ಓಟ, ಪಲಾಯನ ಎಂಬ ಅರ್ಥವಿದೆ. ಒಂದು ಧ್ವನಿ ಒಂದು ಪುಟ್ಟ ಸ್ವರಮಾಲೆಯನ್ನು ಹಾಡುತ್ತದೆ. ಅದನ್ನು ವಿಷಯ ಎನ್ನೋಣ. ಅದು ಮುಗಿಯುತ್ತಿದ್ದಂತೆ ಎರಡನೆಯ ಧ್ವನಿ ಅದೇ ಮಾಲೆಯನ್ನು ಪಂಚಮದಿಂದ ಆರಂಭಿಸುತ್ತದೆ. ಇದು ಉತ್ತರ. ಆಮೇಲೆ ಮೂರನೆಯ ಧ್ವನಿ, ನಾಲ್ಕನೆಯ ಧ್ವನಿ.

ನಮ್ಮ ಭಜನೆಯಲ್ಲಿಯೂ ಒಬ್ಬರು ಹೇಳಿದ್ದನ್ನು ಮೇಳದವರು ಹೇಳುತ್ತಾರಲ್ಲ ಎಂದು ನೀವು ಕೇಳಬಹುದು. ವ್ಯತ್ಯಾಸ ಇಲ್ಲೇ ಇದೆ. ಭಜನೆಯಲ್ಲಿ ಮೇಳದವರು ಹೇಳುವಾಗ ಮೊದಲಿನವರು ಸುಮ್ಮನಿರುತ್ತಾರೆ. ಫ್ಯೂಗ್‌ನಲ್ಲಿ ಮೊದಲಿನವರು ನಿಲ್ಲುವುದಿಲ್ಲ. ಎರಡನೆಯವರು ಹಿಂಬಾಲಿಸುತ್ತಿರುವಾಗಲೇ ಅವರು ಬೇರೊಂದು ಸ್ವರಮಾಲೆಯನ್ನು ಹಾಡುತ್ತ ಮುಂದೆ ಓಡುತ್ತಾರೆ. ಈ ಎರಡು ಮಾಲೆಗಳು ಒಂದೇ ಕ್ಷಣದಲ್ಲಿ ಕಿವಿಗೆ ಬಿದ್ದರೂ ಒಡಕು ಕೇಳಬಾರದು. ಕಷ್ಟವೆಲ್ಲ ಇರುವುದು ಅಲ್ಲಿ. ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖ್ 1722ರಲ್ಲಿ ಎಲ್ಲ ಶ್ರುತಿಗಳಲ್ಲೂ ಒಟ್ಟು 24 ಫ್ಯೂಗ್‌ಗಳನ್ನು, ಪ್ರತಿಯೊಂದಕ್ಕೂ ಒಂದು ಪೀಠಿಕೆಯೊಡನೆ, ಒಂದು ಸಂಪುಟವಾಗಿ ಬರೆದಿಟ್ಟ. ಕಲಿಯುವ ಆಸೆಯುಳ್ಳ ಎಳೆಯರ ಉಪಯೋಗಕ್ಕೆ ಎಂದು ಅದರ ಮುಖಪುಟದಲ್ಲೇ ಹೇಳಿಕೊಂಡ.

ರಾಜಧಾನಿಯ ಪಾಠಶಾಲೆ

ಈಗ ಹಂಪಿಗೆ ಬನ್ನಿ. ವಿಜಯನಗರವೆಂದರೆ ಆನೆಸಾಲು, ಕಲ್ಲಿನ ರಥ, ಬಜಾರು ಎಂದಷ್ಟೇ ನೆನೆಯುತ್ತೇವೆ. ಅದು ಸಂಗೀತದ ಗ್ರಂಥಗಳನ್ನು ಬರೆದ ಊರು ಕೂಡ. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿ ಶಾರ್ಙ್ಗದೇವ ಬರೆದ 'ಸಂಗೀತ ರತ್ನಾಕರ'ಕ್ಕೆ ಕಲ್ಲಿನಾಥ 'ಕಲಾನಿಧಿ' ಎಂಬ ವ್ಯಾಖ್ಯಾನ ಬರೆದದ್ದು 15ನೆಯ ಶತಮಾನದ ವಿಜಯನಗರದಲ್ಲಿ. 1550ರಲ್ಲಿ ಅಳಿಯ ರಾಮರಾಯನ ಪ್ರೇರಣೆಯಿಂದ ರಾಮಾಮಾತ್ಯ 'ಸ್ವರಮೇಳ ಕಲಾನಿಧಿ'ಯನ್ನು ರಚಿಸಿದ. ಹಳೆಯ ಶಾಸ್ತ್ರಗಳಲ್ಲಿ ಬರೆದಿರುವುದಕ್ಕೂ ಜನ ಹಾಡುತ್ತಿರುವುದಕ್ಕೂ ಹೊಂದಿಕೆ ತಪ್ಪಿತ್ತು. ಅದನ್ನು ಸರಿಪಡಿಸುವುದು ಆತನ ಉದ್ದೇಶ. ವೀಣೆಯ ತಂತಿಗಳ ಶ್ರುತಿ ಹೇಗಿರಬೇಕು, ಮೆಟ್ಟುಗಳನ್ನು ಎಲ್ಲೆಲ್ಲಿ ಕೂಡಿಸಬೇಕು ಎಂದು ವಿವರಿಸಿ, ರಾಗಗಳನ್ನು 20 ಮೇಳಗಳಲ್ಲಿ ವಿಂಗಡಿಸಿದ. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಬಳಕೆಯನ್ನು ನೋಡಿ, ವಾದ್ಯದ ಮೇಲೆ ಪರೀಕ್ಷಿಸಿ, ಆಮೇಲೆ ನಿಯಮ ಹೇಳುವ ಕ್ರಮ ಅದು.

ಕಲಿಸುವ ವಿಷಯದಲ್ಲಿಯೂ ಆ ಊರಿನ ಜನ ತಲೆ ಓಡಿಸಿದ್ದರು. ಸುಮಾರು 1520ರಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ಅರಮನೆಯ ನೃತ್ಯಶಾಲೆಯೊಂದನ್ನು ವರ್ಣಿಸಿದ್ದಾನೆ. ಪ್ರತಿಯೊಂದು ನೃತ್ಯದ ಕೊನೆಯಲ್ಲಿ ನರ್ತಕಿ ಯಾವ ಭಂಗಿಯಲ್ಲಿ ನಿಲ್ಲಬೇಕೆಂಬುದನ್ನು ಅಲ್ಲಿನ ಫಲಕಗಳಲ್ಲಿ ಕೆತ್ತಿದ್ದರಂತೆ. ಕಲಿಯುವವಳು ಮರೆತರೆ ಫಲಕ ನೋಡಿ ನೆನಪು ಮಾಡಿಕೊಳ್ಳಬೇಕು. ಕಲ್ಲಿನಲ್ಲಿ ಕೆತ್ತಿದ ಪಠ್ಯಪುಸ್ತಕ ಎನ್ನೋಣವೇ?

ದಾಸರ ಮೆಟ್ಟಿಲುಗಳು

ಇದೇ ನಗರದಲ್ಲಿ, ವ್ಯಾಸರಾಯರ ಶಿಷ್ಯರಾಗಿ, ಸಿರಿವಂತ ವ್ಯಾಪಾರಿಯ ಬದುಕನ್ನು ಬಿಟ್ಟು ತಂಬೂರಿ ಹಿಡಿದವರು ಪುರಂದರದಾಸರು. ಅವರ ಕಾಲ ಸುಮಾರು 1484ರಿಂದ 1564 ಎಂದು ಹೇಳುತ್ತಾರೆ. ವಿಜಯವಿಠ್ಠಲ ದೇವಾಲಯದ ಬಳಿ, ನದಿಯ ಅಂಚಿನಲ್ಲಿ ಅವರ ಹೆಸರಿನ ಮಂಟಪವಿದೆ. ಹೊಸಪೇಟೆಯ ಅಣೆಕಟ್ಟಿನಿಂದ ಮಳೆಗಾಲದಲ್ಲಿ ಹೆಚ್ಚು ನೀರು ಬಿಟ್ಟಾಗ ಮಂಟಪ ಮುಳುಗುತ್ತದೆ, ನೀರು ಇಳಿದ ಮೇಲೆ ಮತ್ತೆ ಕಾಣುತ್ತದೆ.

ಕರ್ನಾಟಕ ಸಂಗೀತದ ಆರಂಭದ ಪಾಠಗಳನ್ನು ಈಗಿನ ಕ್ರಮಕ್ಕೆ ತಂದವರು ಪುರಂದರದಾಸರು ಎಂದು ಸಂಪ್ರದಾಯ ಹೇಳುತ್ತದೆ. ಅದಕ್ಕಾಗಿಯೇ ಅವರನ್ನು ಕರ್ನಾಟಕ ಸಂಗೀತ ಪಿತಾಮಹ ಎನ್ನುವುದು. ಸಂಪ್ರದಾಯದ ಮಾತನ್ನು ಇತಿಹಾಸದ ವಿದ್ಯಾರ್ಥಿ ಶಾಸನದ ಹಾಗೆ ಓದಬಾರದು. ಹಾಗೆಂದು ತಳ್ಳಿಹಾಕಲೂ ಬಾರದು. ಪೀಳಿಗೆಯಿಂದ ಪೀಳಿಗೆಗೆ ಗುರುಗಳು ಶಿಷ್ಯರಿಗೆ ಹೇಳುತ್ತ ಬಂದ ನೆನಪು ಅದು. 19ನೆಯ ಶತಮಾನದ ಮೊದಲ ಭಾಗದಲ್ಲಿ ತ್ಯಾಗರಾಜರು ತಮ್ಮ 'ಪ್ರಹ್ಲಾದ ಭಕ್ತಿ ವಿಜಯ'ದಲ್ಲಿ ಪುರಂದರದಾಸರಿಗೆ ವಂದಿಸಿರುವುದು ಆ ನೆನಪು ಕಾವೇರಿಯ ದಡದವರೆಗೂ ಹೋಗಿತ್ತು ಎಂಬುದಕ್ಕೆ ಸಾಕ್ಷಿ.

ಪಾಠಗಳ ಕ್ರಮವನ್ನು ಒಮ್ಮೆ ಪರಿಶೀಲಿಸಿ. ಮೊದಲು ಸರಳೆ ವರಸೆ. ಎಂಟು ಎಣಿಕೆಯ ಆದಿತಾಳದಲ್ಲಿ ಎಂಟು ಸ್ವರ, ಹತ್ತುತ್ತ ಮತ್ತು ಇಳಿಯುತ್ತ. ಮುಂದಿನ ಪಾಠದಲ್ಲಿ 'ಸ ರಿ ಸ ರಿ, ಸ ರಿ ಗ ಮ'. ಅಂದರೆ ಎರಡು ಸ್ವರದ ತುಣುಕೊಂದನ್ನು ಮರುಕಳಿಸಿ, ಆಮೇಲೆ ಅದನ್ನು ಬೆಳೆಸುವುದು. ಇದನ್ನೇ ಮೂರು ಕಾಲದಲ್ಲಿ ಹಾಡಬೇಕು: ಎಣಿಕೆಗೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ಕೈ ಹಾಕುವ ತಾಳ ಬದಲಾಗಬಾರದು.

ಅನಂತರ ಒಂದೊಂದು ಸ್ವರವನ್ನು ಎರಡೆರಡು ಸಲ ಒತ್ತಿ ಹೇಳುವ ಜಂಟಿ ವರಸೆ. ಸ್ವರಗಳನ್ನು ಹಾರಿ ಹಾರಿ ಹೋಗುವ ದಾಟು ವರಸೆ. ಆಮೇಲೆ ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ತಾಳಗಳ ಅಲಂಕಾರ. ಹರಿದಾಸರು ಒಂದೇ ರಚನೆಯಲ್ಲಿ ಹಲವು ತಾಳಗಳನ್ನು ಪೋಣಿಸಿ ಹಾಡುತ್ತಿದ್ದ ಸುಳಾದಿಗಳಿಂದಲೇ ಇವಕ್ಕೆ ಸುಳಾದಿ ಸಪ್ತತಾಳಗಳೆಂಬ ಹೆಸರು. ಧ್ರುವತಾಳದ ಅಲಂಕಾರ 14 ಎಣಿಕೆಯದು: 'ಸರಿಗಮ ಗರಿ ಸರಿಗರಿ ಸರಿಗಮ'. ಮರುಸಾಲಿನಲ್ಲಿ ಇದೇ ಆಕಾರ ರಿಷಭದಿಂದ ಶುರುವಾಗುತ್ತದೆ: 'ರಿಗಮಪ ಮಗ ರಿಗಮಗ ರಿಗಮಪ'. ಆಕಾರ ಕೆಡಬಾರದು, ಆರಂಭದ ಸ್ವರ ಮಾತ್ರ ಬದಲಾಗಬೇಕು. ಕೊನೆಗೆ ಮಲಹರಿ ರಾಗದ ಪಿಳ್ಳಾರಿ ಗೀತೆಗಳು. ಇಲ್ಲಿ ಮೊದಲ ಬಾರಿಗೆ ಸ್ವರಕ್ಕೆ ಸಾಹಿತ್ಯ ಕೂಡುತ್ತದೆ.

ಸಂಡೂರಿನಲ್ಲೋ ಕಂಪ್ಲಿಯಲ್ಲೋ ನಿಮ್ಮ ಪಕ್ಕದ ಮನೆಯ ಮಗು ಬೆಳಗ್ಗೆ ಇದನ್ನು ಒಪ್ಪಿಸುವಾಗ ನಿಮಗೆ ಬೇಸರವಾಗಿರಬಹುದು. ಆದರೆ ಮರುಕಳಿಸುವುದು, ಬೆಳೆಸುವುದು, ವೇಗ ಇಮ್ಮಡಿಸುವುದು, ಆಕಾರವನ್ನು ಬೇರೆ ಸ್ವರಕ್ಕೆ ಸಾಗಿಸುವುದು, ಇವೆಲ್ಲ ರಚನೆಯ ಉಪಕರಣಗಳು. ಮಗುವಿಗೆ ಅದು ಗೊತ್ತಿಲ್ಲ. ಉಪಕರಣಗಳು ಮಾತ್ರ ಕೈಗೆ ಬಂದುಬಿಟ್ಟಿರುತ್ತವೆ.

ವಿಯೆನ್ನಾದ ಮೆಟ್ಟಿಲುಗಳು

1725ರಲ್ಲಿ ವಿಯೆನ್ನಾದ ಆಸ್ಥಾನ ಸಂಗೀತಗಾರ ಯೋಹಾನ್ ಯೋಸೆಫ್ ಫುಕ್ಸ್ ಲ್ಯಾಟಿನ್ ಭಾಷೆಯಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಹೆಸರು 'ಗ್ರಾದುಸ್ ಆದ್ ಪರ್ನಾಸುಮ್'. ಪರ್ನಾಸಸ್ ಎಂಬುದು ಗ್ರೀಕರ ಪುರಾಣದಲ್ಲಿ ಕಲೆಗಳ ಅಧಿದೇವತೆಯರು ವಾಸಿಸುವ ಬೆಟ್ಟ. ಆ ಬೆಟ್ಟಕ್ಕೆ ಮೆಟ್ಟಿಲುಗಳು ಎಂದು ಹೆಸರಿನ ಅರ್ಥ. ಮಾತಂಗ ಬೆಟ್ಟ ಹತ್ತಿದವರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ.

ಪುಸ್ತಕ ಗುರುಶಿಷ್ಯರ ಸಂವಾದದ ರೂಪದಲ್ಲಿದೆ. ಗುರುವಿನ ಹೆಸರು ಅಲೋಯ್ಸಿಯಸ್. 16ನೆಯ ಶತಮಾನದ ಇಟಲಿಯ ಪಾಲೆಸ್ತ್ರೀನನನ್ನು ಮನಸ್ಸಿನಲ್ಲಿಟ್ಟು ಫುಕ್ಸ್ ಆ ಪಾತ್ರವನ್ನು ಸೃಷ್ಟಿಸಿದ. ಪಾಲೆಸ್ತ್ರೀನ ಬಾಲಕನಾಗಿ ಹಾಡು ಕಲಿಯುತ್ತಿದ್ದಾಗ ಪುರಂದರದಾಸರು ಹಂಪಿಯಲ್ಲಿ ಹಾಡುತ್ತಿದ್ದರು ಎಂಬುದನ್ನು ನೆನಪಿಡಿ.

ಶಿಷ್ಯನಿಗೆ ಗುರು ನಿಧಾನವಾಗಿ ಸಾಗುವ ಒಂದು ಸ್ವರಸಾಲನ್ನು ಕೊಡುತ್ತಾನೆ. ಅದರ ಮೇಲೆ ಶಿಷ್ಯ ಇನ್ನೊಂದು ಸಾಲು ಕಟ್ಟಬೇಕು. ಮೊದಲ ಹಂತದಲ್ಲಿ ಒಂದು ಸ್ವರಕ್ಕೆ ಒಂದು ಸ್ವರ. ಎರಡನೆಯದರಲ್ಲಿ ಒಂದಕ್ಕೆ ಎರಡು. ಮೂರನೆಯದರಲ್ಲಿ ಒಂದಕ್ಕೆ ನಾಲ್ಕು. ನಾಲ್ಕನೆಯದರಲ್ಲಿ ಸ್ವರಗಳು ಎಣಿಕೆಯ ಮೇಲೆ ಬೀಳದೆ ನಡುವೆ ಬಿದ್ದು ಎಳೆಯುತ್ತವೆ. ಐದನೆಯದರಲ್ಲಿ ಇವೆಲ್ಲದರ ಮಿಶ್ರಣ. ಇಷ್ಟು ಕೈಗೂಡಿದ ಮೇಲೆಯೇ ಅನುಕರಣೆ, ಆಮೇಲೆ ಫ್ಯೂಗ್. ಒಂದು, ಎರಡು, ನಾಲ್ಕು ಎಂಬ ನಮ್ಮ ಮೂರು ಕಾಲಗಳು ನೆನಪಾಗಲಿಲ್ಲವೇ?

ಯಾರು ಯಾರಿಂದ ಎರವಲು ಪಡೆದರು ಎಂದು ಇಲ್ಲಿ ಹುಡುಕಬೇಕಾಗಿಲ್ಲ. ಕಲಿಯುವ ಮಗುವಿನ ಮನಸ್ಸು ಎರಡು ಊರಿನಲ್ಲಿಯೂ ಒಂದೇ ರೀತಿ ಕೆಲಸ ಮಾಡುತ್ತದೆ. ಸುಲಭದಿಂದ ಕಠಿಣಕ್ಕೆ ಹೋಗಬೇಕೆಂದು ಎರಡೂ ಕಡೆಯ ಗುರುಗಳು ಅನುಭವದಿಂದ ಕಂಡುಕೊಂಡರು. ಬಡ ಮನೆಯ ಹುಡುಗ ಹೈಡನ್ ಗುರುವಿಲ್ಲದೆ ಈ ಪುಸ್ತಕವನ್ನಿಟ್ಟುಕೊಂಡೇ ಅಭ್ಯಾಸ ಮಾಡಿ ಮುಂದೆ ಯುರೋಪಿನ ದೊಡ್ಡ ರಚನಕಾರನಾದ. ಮೊಟ್ಸಾರ್ಟ್ ತನ್ನ ಶಿಷ್ಯರಿಗೆ ಪಾಠ ಹೇಳಲು ಇದೇ ಕ್ರಮವನ್ನು ಬಳಸಿದ.

ಹದಿನೈದನೆಯ ಮೇಳದ ಗುಟ್ಟು

ಸರಳೆಯನ್ನು ಮಾಯಾಮಾಳವಗೌಳದಲ್ಲೇ ಕಲಿಸುವುದೇಕೆ? ಹಿಂದೂಸ್ತಾನಿ ಕಲಿಯುವವರು ಇದೇ ಸ್ವರಗಳನ್ನು ಭೈರವ್ ಥಾಟ್ ಎಂದು ಗುರುತಿಸುತ್ತಾರೆ. ರಾಮಾಮಾತ್ಯನ ಪಟ್ಟಿಯಲ್ಲಿ ಮಾಳವಗೌಳ ಎಂಬ ಹೆಸರಿದೆ. 72 ಮೇಳಗಳ ಕ್ರಮ ಬಂದ ಮೇಲೆ 'ಮಾಯಾ' ಸೇರಿತು. ಕಟಪಯಾದಿ ಲೆಕ್ಕದಲ್ಲಿ 'ಮಾ' ಎಂದರೆ 5, 'ಯಾ' ಎಂದರೆ 1. ತಿರುಗಿಸಿ ಓದಿದರೆ 15, ಅದು ಮೇಳದ ಸಂಖ್ಯೆ.

ಈಗ ಹಾರ್ಮೋನಿಯಂ ಮುಂದೆ ಕುಳಿತು ಸ್ವರದಿಂದ ಸ್ವರಕ್ಕೆ ಎಷ್ಟು ಮನೆ ಎಂದು ಎಣಿಸಿ. ಕರಿಯ ಮನೆ, ಬಿಳಿಯ ಮನೆ ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ. ಸ-ರಿ 1, ರಿ-ಗ 3, ಗ-ಮ 1, ಮ-ಪ 2, ಪ-ದ 1, ದ-ನಿ 3, ನಿ-ಸ 1. ಒಟ್ಟು 12. ಕಂಠದಲ್ಲಿ ಸ್ವರಸ್ಥಾನಗಳು ಮನೆಗಳ ಲೆಕ್ಕಕ್ಕಿಂತ ಸೂಕ್ಷ್ಮ. ಆದರೂ ನಮ್ಮ ಉದ್ದೇಶಕ್ಕೆ ಇಷ್ಟು ಸಾಕು.

ಈ ಸಾಲಿನಲ್ಲಿ ಎರಡು ಗುಣಗಳಿವೆ. ಮೊದಲನೆಯದು, 'ಸರಿಗಮ'ದ ಅಳತೆ 1-3-1, 'ಪದನಿಸ'ದ ಅಳತೆಯೂ 1-3-1. ಕೆಳಗೆ ಹಾಡಿದ್ದನ್ನು ಪಂಚಮದಿಂದ ಹಾಡಿದರೆ ಆಕಾರ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಎರಡನೆಯದು, 1-3-1-2-1-3-1 ಎಂಬುದನ್ನು ಹಿಂದಿನಿಂದ ಓದಿದರೂ ಅದೇ. 'ವಿಕಟಕವಿ' ಎಂಬ ಪದದ ಹಾಗೆ. ಆದ್ದರಿಂದ ಹತ್ತುವ ಒಂದು ಮಾಲೆಯನ್ನು ತಲೆಕೆಳಗು ಮಾಡಿ ಇಳಿಸಿದರೂ ರಾಗದ ಸ್ವರಗಳಲ್ಲೇ ಉಳಿಯುತ್ತೀರಿ. ಶಂಕರಾಭರಣಕ್ಕೆ ಮೊದಲ ಗುಣವಿದೆ, ಎರಡನೆಯದಿಲ್ಲ. ಅದರ 2-2-1-2-2-2-1 ಎಂಬ ಸಾಲನ್ನು ಹಿಂದಿನಿಂದ ಓದಿದರೆ ಹನುಮತೋಡಿಯ ಸಾಲು ಬರುತ್ತದೆ. 72 ಮೇಳಗಳನ್ನೂ ಹೀಗೆ ಲೆಕ್ಕ ಹಾಕಿದರೆ ಎರಡೂ ಗುಣಗಳು ಒಟ್ಟಿಗೆ ಸಿಗುವುದು ಎರಡರಲ್ಲಿ ಮಾತ್ರ: 15ನೆಯ ಮಾಯಾಮಾಳವಗೌಳ ಮತ್ತು 22ನೆಯ ಖರಹರಪ್ರಿಯ.

ಪಾಠ ರೂಪಿಸಿದವರು ಈ ಲೆಕ್ಕ ಹಾಕಿಯೇ ರಾಗವನ್ನು ಆರಿಸಿದರು ಎಂದು ನಾನು ಹೇಳುವುದಿಲ್ಲ. ಗಮಕದ ಭಾರವಿಲ್ಲದೆ ಸ್ವರಗಳನ್ನು ನೇರವಾಗಿ ಹಿಡಿಯಲು ಎಳೆಯ ಕಂಠಕ್ಕೆ ಇದು ಅನುಕೂಲ ಎಂದು ಸಂಗೀತಗಾರರು ಹೇಳುತ್ತಾರೆ. ಕೆಳಗಿನ ಅರ್ಧ ಕಲಿತವರಿಗೆ ಮೇಲಿನ ಅರ್ಧ ತಾನಾಗಿ ಬರುತ್ತದೆ ಎಂಬುದಂತೂ ಯಾರ ಕಿವಿಗೂ ತಿಳಿಯುವ ಮಾತು.

ನಿಮ್ಮ ಮೊದಲ ಫ್ಯೂಗ್

ಹಾಗಾದರೆ ಒಂದು ಫ್ಯೂಗ್‌ನ ಬಾಗಿಲನ್ನು ನಾವೇ ತೆರೆದು ನೋಡೋಣ. ಇಬ್ಬರು ಗೆಳೆಯರು ಬೇಕು, ಎಂಟು ಎಣಿಕೆ ಬೇಕು. ಮೇಲಿನ ಷಡ್ಜವನ್ನು 'ಸಾ' ಎಂದು ಬರೆದಿದೆ. ಅಡ್ಡಗೆರೆ ಇದ್ದಲ್ಲಿ ಹಿಂದಿನ ಸ್ವರವನ್ನೇ ಎಳೆಯಿರಿ.

ವಿಷಯ (ಮೊದಲಿನವರು ಒಬ್ಬರೇ): ಸ ಗ ರಿ ಮ ಗ ರಿ ಸ –

ಇದರ ಉತ್ತರ ಪಂಚಮದಿಂದ. ಆಕಾರ ಅದೇ: ಪ ನಿ ದ ಸಾ ನಿ ದ ಪ –

ಎರಡನೆಯವರು ಉತ್ತರ ಹಾಡುವಾಗ ಮೊದಲಿನವರು ಸುಮ್ಮನಿರಬಾರದಲ್ಲ? ಅವರಿಗೊಂದು ಜೊತೆಮಾಲೆ:

ಮೇಲಿನ ಧ್ವನಿ: ಪ ನಿ ದ ಸಾ ನಿ ದ ಪ –
ಕೆಳಗಿನ ಧ್ವನಿ: ಗ ಪ ಮ ಗ ಪ ಮ ಗ ಸ

ಒಂದರ ಕೆಳಗೊಂದು ಇಟ್ಟು ಪರೀಕ್ಷಿಸಿ. ಎಂಟು ಎಣಿಕೆಗಳಲ್ಲಿ ಆರು ಕಡೆ ಎರಡು ಧ್ವನಿಗಳ ನಡುವೆ ಒಂದೇ ಸ್ವರದ ಅಂತರ: ಗ-ಪ, ಪ-ನಿ, ಮ-ದ ಹೀಗೆ. ನಾಲ್ಕನೆಯ ಎಣಿಕೆಯಲ್ಲಿ ಗಾಂಧಾರದ ಮೇಲೆ ತಾರಷಡ್ಜ. ಕೊನೆಯಲ್ಲಿ ಷಡ್ಜ-ಪಂಚಮ. ತಂಬೂರಿಯ ತಂತಿಗಳ ಆ ಜೋಡಿಯ ಕಂಪನಗಳು 2ಕ್ಕೆ 3ರ ಪ್ರಮಾಣದಲ್ಲಿರುತ್ತವೆ. ಅದಕ್ಕೇ ಅಲ್ಲಿಗೆ ಬಂದು ನಿಂತಾಗ ನೆಮ್ಮದಿ. ಪಕ್ಕಪಕ್ಕದ ಎರಡು ಸ್ವರಗಳು ಒಂದೇ ಎಣಿಕೆಯಲ್ಲಿ ಎಲ್ಲಿಯೂ ಡಿಕ್ಕಿ ಹೊಡೆಯುವುದಿಲ್ಲ. ಫುಕ್ಸನ ಮೊದಲ ಮೆಟ್ಟಿಲಿನ ಪಾಠ ಇಷ್ಟೇ.

ಮುಂದಿನ ಹೆಜ್ಜೆ, ವಿಷಯವನ್ನು ಕನ್ನಡಿಯಲ್ಲಿ ಹಿಡಿಯುವುದು: ಸಾ ದ ನಿ ಪ ದ ನಿ ಸಾ –. ಮೂಲದಲ್ಲಿ ಹತ್ತಿದಷ್ಟೇ ಇಲ್ಲಿ ಇಳಿದಿದೆ, ಇಳಿದಷ್ಟೇ ಹತ್ತಿದೆ. ರಾಗ ತಪ್ಪಿಲ್ಲ. ಅನಂತರ ವಿಷಯವನ್ನು ಎರಡನೆಯ ಕಾಲದಲ್ಲಿ ಹಾಡಿ. ಬಾಖ್ ತನ್ನ ಫ್ಯೂಗ್‌ಗಳಲ್ಲಿ ಬಳಸಿದ ತಂತ್ರಗಳಲ್ಲಿ ಇವೆರಡೂ ಇವೆ. ತಾಳವನ್ನು ಹಾಗೆಯೇ ಇಟ್ಟು ಪಲ್ಲವಿಯ ವೇಗವನ್ನು ಇಮ್ಮಡಿ, ನಾಲ್ಮಡಿ ಮಾಡುವ ನಮ್ಮ ವಿದ್ವಾಂಸರ ಅನುಲೋಮವೂ ಇದೇ ಜಾತಿಯ ಕೆಲಸ.

ಎರಡು ಅವಸರದ ಮಾತುಗಳು

ಇಲ್ಲಿಗೆ ಬಂದಾಗ ಎರಡು ಮಾತುಗಳು ಬೇಗ ಬಾಯಿಗೆ ಬರುತ್ತವೆ. ಒಂದು, 'ಫ್ಯೂಗ್ ಕೂಡ ನಮ್ಮಲ್ಲೇ ಇತ್ತು'. ಇನ್ನೊಂದು, 'ನಮ್ಮ ಸಂಗೀತದಲ್ಲಿ ಹಲವು ಧ್ವನಿಗಳಿಲ್ಲ, ಆದ್ದರಿಂದ ಅದು ಹಿಂದುಳಿದಿದೆ'. ಎರಡೂ ತಪ್ಪು.

ಫ್ಯೂಗ್ ನಮ್ಮಲ್ಲಿ ಬೆಳೆಯಲಿಲ್ಲ. ಕಛೇರಿಯಲ್ಲಿ ಪಿಟೀಲಿನವರು ಗಾಯಕರ ಆಲಾಪನೆಯನ್ನು ನೆರಳಿನಂತೆ ಹಿಂಬಾಲಿಸುವುದು ಕೇಳಲು ಓಟದ ಹಾಗೆಯೇ ಇದೆ. ಆದರೆ ಎರಡು ಸ್ವತಂತ್ರ ಸಾಲುಗಳನ್ನು ಮುಂಚೆಯೇ ಹೆಣೆದು ಇಟ್ಟದ್ದಲ್ಲ ಅದು. ನಮ್ಮಲ್ಲಿ ಪ್ರತಿ ಸ್ವರವೂ ಆಧಾರಷಡ್ಜದೊಡನೆ ಮಾತನಾಡುತ್ತದೆ. ಒಂದು ಸ್ವರ ಹೇಗೆ ತೂಗಬೇಕು, ಎಲ್ಲಿಂದ ಜಾರಬೇಕು ಎಂಬುದರಲ್ಲೇ ರಾಗದ ಜೀವ. ಮೇಲೆ ಇನ್ನೊಂದು ಸಾಲು ಓಡಿದರೆ ಆ ತೂಗಾಟ ಕಿವಿಗೆ ಸಿಗುವುದಿಲ್ಲ. ಅವರು ಸಾಲಿಗೆ ಸಾಲನ್ನು ಜೊತೆ ಮಾಡಿದರು. ನಾವು ಸಾಲಿಗೆ ಶ್ರುತಿಯನ್ನೂ ತಾಳವನ್ನೂ ಜೊತೆ ಮಾಡಿದೆವು. ಹೋದ ದಾರಿ ಬೇರೆ, ಹತ್ತಿದ ಬೆಟ್ಟವೂ ಬೇರೆ. ನಾವೀಗ ಬರೆದ ಎಂಟು ಎಣಿಕೆಯನ್ನು ಮಾಯಾಮಾಳವಗೌಳದ ಸ್ವರಗಳಲ್ಲಿ ಬರೆದ ಅಭ್ಯಾಸವೆನ್ನಿ, ರಾಗವೆನ್ನಬೇಡಿ.

ಎರಡೂ ಬೆಟ್ಟಗಳನ್ನು ಬಲ್ಲ ಕನ್ನಡಿಗರೊಬ್ಬರಿದ್ದರು. ಮೈಸೂರಿನ ಜಯಚಾಮರಾಜ ಒಡೆಯರ್ (1919-1974) ಪಾಶ್ಚಾತ್ಯ ಸಂಗೀತವನ್ನು ಕ್ರಮವಾಗಿ ಕಲಿತವರು. 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಷ್ಯದ ರಚನಕಾರ ನಿಕೊಲಾಯ್ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದ. ಇದೇ ಒಡೆಯರ್ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಒಂದನ್ನು ಮೆಚ್ಚಲು ಇನ್ನೊಂದನ್ನು ಬಿಡಬೇಕಾಗಿಲ್ಲ ಎಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಊರು ಬಿದ್ದ ಮೇಲೆ

1565ರ ಜನವರಿಯಲ್ಲಿ ರಕ್ಕಸತಂಗಡಿ ಯುದ್ಧದಲ್ಲಿ ರಾಮರಾಯ ಮಡಿದ. ರಾಜಧಾನಿ ಸೂರೆಯಾಯಿತು. ಪಾಯಿಸ್ ವರ್ಣಿಸಿದ ನೃತ್ಯಶಾಲೆಯ ಫಲಕಗಳು ಈಗ ನೋಡಲು ಇಲ್ಲ. ಆದರೆ ವಿದ್ಯೆ ದಕ್ಷಿಣಕ್ಕೆ ನಡೆಯಿತು. ತಂಜಾವೂರಿನ ನಾಯಕರ ಮಂತ್ರಿ, ಕನ್ನಡ ಮನೆತನದ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ 17ನೆಯ ಶತಮಾನದಲ್ಲಿ 'ಚತುರ್ದಂಡಿ ಪ್ರಕಾಶಿಕೆ' ಬರೆದು 72 ಮೇಳಗಳ ಲೆಕ್ಕ ಕೊಟ್ಟ. ಹಂಪಿಯ ರಾಮಾಮಾತ್ಯನನ್ನು ಆತ ಕಟುವಾಗಿಯೇ ಟೀಕಿಸಿದ. ಟೀಕಿಸಬೇಕಾದರೆ ಓದಿರಬೇಕಲ್ಲವೇ? ಗ್ರಂಥ ಉಳಿದಿತ್ತು, ಚರ್ಚೆ ನಡೆದಿತ್ತು.

ಗ್ರಂಥಕ್ಕಿಂತ ಗಟ್ಟಿಯಾಗಿ ಉಳಿದದ್ದು ಮಕ್ಕಳ ಪಾಠ. ಅದಕ್ಕೆ ಅರಮನೆ ಬೇಕಿರಲಿಲ್ಲ, ಖಜಾನೆ ಬೇಕಿರಲಿಲ್ಲ. ಒಬ್ಬ ಗುರು, ಒಂದು ಮಗು, ಬೆಳಗಿನ ಒಂದು ಗಂಟೆ ಸಾಕಾಗಿತ್ತು. ಕಲ್ಲಿನಲ್ಲಿ ಕೆತ್ತಿದ್ದು ಒಡೆಯಿತು, ಕಂಠದಲ್ಲಿ ಕೂಡಿಸಿದ್ದು ಒಡೆಯಲಿಲ್ಲ. ಯಾವ ವಿದ್ಯೆಯನ್ನಾದರೂ ಉಳಿಸಬೇಕೆಂದರೆ ಮೊದಲು ಅದನ್ನು ಮಕ್ಕಳು ಹತ್ತಬಹುದಾದ ಮೆಟ್ಟಿಲುಗಳಾಗಿ ಒಡೆದು ಕೊಡಬೇಕು. ಹಂಪಿಯ ಇತಿಹಾಸದಿಂದ ನಾವು ಕಲಿಯಬೇಕಾದ ದೊಡ್ಡ ಪಾಠ ಇದು.

ಮಾಡಿ ನೋಡಿ

1. 'ಸರಿಗಮ'ದೊಳಗೆ ಎಂಟು ಎಣಿಕೆಯ ಒಂದು ವಿಷಯವನ್ನು ನೀವೇ ಬರೆಯಿರಿ. ಪಂಚಮದಿಂದ ಅದರ ಉತ್ತರ ಬರೆದು, ಜೊತೆಮಾಲೆ ಕಟ್ಟಿ. ಪಕ್ಕಪಕ್ಕದ ಸ್ವರಗಳು ಒಂದೇ ಎಣಿಕೆಯಲ್ಲಿ ಬೀಳದಂತೆ ನೋಡಿಕೊಳ್ಳಿ.

2. ಅದೇ ವಿಷಯವನ್ನು ಖರಹರಪ್ರಿಯದಲ್ಲಿ ತಲೆಕೆಳಗು ಮಾಡಿ ನೋಡಿ. ಶಂಕರಾಭರಣದಲ್ಲಿ ಷಡ್ಜದಿಂದ ಹಾಗೆ ಮಾಡಿದರೆ ಯಾವ ಯಾವ ಸ್ವರಗಳು ರಾಗದಿಂದ ಹೊರಗೆ ಹೋಗುತ್ತವೆ ಎಂದು ಪಟ್ಟಿ ಮಾಡಿ.

3. ನಿಮ್ಮ ಊರಿನಲ್ಲಿ ಸಂಗೀತ ಕಲಿಸುವ ಹಿರಿಯರನ್ನು ಭೇಟಿ ಮಾಡಿ. ಅವರ ಗುರು ಯಾರು, ಗುರುವಿನ ಗುರು ಯಾರು, ಪಾಠದ ಕ್ರಮದಲ್ಲಿ ಏನು ಬದಲಾಗಿದೆ ಎಂದು ಕೇಳಿ ಬರೆದುಕೊಳ್ಳಿ. ಇತಿಹಾಸ ಬರೆಯುವ ಕೆಲಸವೂ ಹೀಗೆಯೇ ಮೊದಲ ಮೆಟ್ಟಿಲಿನಿಂದ ಶುರುವಾಗುತ್ತದೆ.

4. ಹಂಪಿಗೆ ಹೋದಾಗ ವಿಠ್ಠಲ ದೇವಾಲಯದ ಸಂಗೀತ ಕಂಬಗಳನ್ನು ಕಣ್ಣಿನಿಂದ ನೋಡಿ, ಬಡಿಯಬೇಡಿ. ಅಲ್ಲಿಂದ ನದಿಯ ಕಡೆ ನಡೆದು, ನೀರು ಇಳಿದಿದ್ದರೆ ಪುರಂದರ ಮಂಟಪದಲ್ಲಿ ಸ್ವಲ್ಪ ಹೊತ್ತು ಕುಳಿತು ಸರಳೆಯ ಮೊದಲ ಸಾಲನ್ನು ಮೂರು ಕಾಲದಲ್ಲಿ ಹಾಡಿ.